ಬ್ಯಾಲಿಡೆರೀನ್ ಪುಸ್ತಕದಲ್ಲಿ ಡಾಕ್ಟರಮ್ಮ

ಡಾಕ್ಟರ್ ವೈದೇಹಿಯವರಿಗೆ ಕೋಪ ಬಂದರೆ ಮಾತಿಗೂ ಮೊದಲು ಪಾತ್ರೆಗಳ ಸದ್ದು ಶುರುವಾಗುತ್ತದೆ. ಟೆಕ್ಸಾಸ್‌ನ ಲಿಯಾಂಡರ್ ಎಂಬ ಊರಿನ ಅವರ ಮನೆಯಲ್ಲಿ ಅವತ್ತು ಬೆಳಿಗ್ಗೆ ಬಾಣಲೆಯಿಂದ ಕುಕ್ಕರಿನವರೆಗೆ ಎಲ್ಲವೂ ಗದರುತ್ತಿದ್ದವು. ಯಜಮಾನರಾದ ತಿರುಮಲ, ಎಪ್ಪತ್ತೆಂಟರ ರಿಟೈರ್ಡ್ ಇಂಜಿನಿಯರ್, ಊಟದ ಮೇಜಿನ ಆ ತುದಿಯಲ್ಲಿ ಐಪ್ಯಾಡ್ ಹಿಂದೆ ಮುಖ ಮರೆಸಿಕೊಂಡಿದ್ದರು. ಐವತ್ತು ವರ್ಷದ ಸಂಸಾರ ಅಷ್ಟನ್ನು ಕಲಿಸದೆ ಇರುತ್ತದೆಯೇ?

ಕೋಪಕ್ಕೆ ಕಾರಣ ಒಂದು ಪುಸ್ತಕ. ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ಬ್ಯಾಲಿಡೆರೀನ್ ಎಂಬ ಪುಟ್ಟ ಹಳ್ಳಿ. ಒಂದು ಚರ್ಚು, ಒಂದು ಸ್ಕೂಲು, ಎರಡು ಪಬ್ಬು, ಇಪ್ಪತ್ತಾರು ಮನೆ. ಟೆಕ್ಸಾಸ್‌ಗೆ ಬರುವ ಮೊದಲು ವೈದೇಹಿ ಅಲ್ಲಿನ ದವಾಖಾನೆಯಲ್ಲಿ ಹನ್ನೊಂದು ವರ್ಷ ಡಾಕ್ಟರಾಗಿದ್ದರು. ಈಗ ಊರಿನವರೆಲ್ಲ ಸೇರಿ ತಮ್ಮ ಊರಿನ ಚರಿತ್ರೆ ಬರೆದಿದ್ದಾರೆ. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ಕಣ್ಣಾಡಿಸಿ ಎಂದು ಅಲ್ಲಿನ ಹಳೆಯ ಟೀಚರ್ ನೋರಾ ಕಳಿಸಿದ್ದಳು. ಜೂನ್‌ನಲ್ಲಿ ಬಿಡುಗಡೆ. ಇಬ್ಬರಿಗೂ ಟಿಕೆಟ್ ಬುಕ್ ಆಗಿತ್ತು.

ವೈದೇಹಿ ನೇರವಾಗಿ ದವಾಖಾನೆಯ ಪುಟಕ್ಕೇ ಹೋಗಿದ್ದರು. ಐದು ಡಾಕ್ಟರುಗಳ ಹೆಸರಿತ್ತು. ಅವರದಿರಲಿಲ್ಲ.

"ಒಂಬತ್ತೇ ತಿಂಗಳಿದ್ದು ಚಳಿಗೆ ಓಡಿಹೋದವನ ಹೆಸರಿದೆ ಕಣ್ರೀ, ನಂದಿಲ್ಲ! ಹಿಮದಲ್ಲಿ ಟ್ರಾಕ್ಟರ್ ಹತ್ಕೊಂಡು ಹೋಗಿ ಹೆರಿಗೆ ಮಾಡ್ಸಿದ್ದು ಯಾರು, ಅವನಾ?"

"ನೀನೇ ಮಾರಾಯ್ತಿ."

"ಟಿಕೆಟ್ ಕ್ಯಾನ್ಸಲ್ ಮಾಡಿ. ನಾನಂತೂ ಬರಲ್ಲ."

ಮಾತು ಬಿರುಸಾಗಿತ್ತು, ಆದರೆ ಒಳಗೆ ಸಂಕಟವಾಗುತ್ತಿತ್ತು. ಆ ಊರಿನಲ್ಲಿ ಒಲೆಗೆ ಕಟ್ಟಿಗೆಯಲ್ಲ, ಜೌಗುನೆಲದ ಮಣ್ಣನ್ನೇ ಇಟ್ಟಿಗೆಯಂತೆ ಕಡಿದು ಒಣಗಿಸಿ ಉರಿಸುತ್ತಾರೆ. ಮೊದಲನೇ ಚಳಿಗಾಲ ಪೂರ್ತಿ ಅವರ ಬಾಗಿಲಲ್ಲಿ ಅದರ ಮೂಟೆಗಳು ಬಂದು ಕೂರುತ್ತಿದ್ದವು. ಇಟ್ಟವರು ಯಾರೆಂದು ಊರಿನಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಕೇಳಿ! ಯಾರ ಮನೆಯಲ್ಲಿ ಸಾವಾದರೂ ಅಕ್ಕಪಕ್ಕದವರೇ ಗುಂಡಿ ತೋಡುತ್ತಿದ್ದರು, ಹೆಂಗಸರು ಸ್ಯಾಂಡ್‌ವಿಚ್ ಮಾಡಿ ತರುತ್ತಿದ್ದರು. ವೈದೇಹಿ ಚಿತ್ರಾನ್ನ ಒಯ್ಯುತ್ತಿದ್ದರು. ಮೊದಲ ಸಲ ಎಲ್ಲರೂ ಸಾಸಿವೆಯನ್ನು ಆರಿಸಿ ಬದಿಗಿಟ್ಟರು. ಮೂರನೇ ಸಾವಿನ ಹೊತ್ತಿಗೆ ಮೊದಲು ಖಾಲಿಯಾಗುತ್ತಿದ್ದದ್ದು ಚಿತ್ರಾನ್ನವೇ. ಅಂಥ ಊರಿಗೂ ನಾನು ಬೇಡವಾದೆನಲ್ಲ ಅನ್ನಿಸಿ ಅವರಿಗೆ ಅಳುವೇ ಬಂತು.

ತಿರುಮಲ ಮಾತ್ರ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಿದ್ದರು. ಮಿಕ್ಸಿ ಕೊಂಡರೂ ಅದರ ಮ್ಯಾನುಯಲ್ ಪೂರ್ತಿ ಓದುವ ಪೈಕಿ ಅವರು. ಆಲೂಗಡ್ಡೆ ಕೊಳೆತು ಬರ ಬಿದ್ದಾಗ ತೊಂಬತ್ತು ಮನೆಯ ಊರು ಇಪ್ಪತ್ತಕ್ಕಿಳಿದದ್ದು, ಕತ್ತೆಗಾಡಿಯಲ್ಲಿ ಡೈರಿಗೆ ಹಾಲು ಹೋಗುತ್ತಿದ್ದದ್ದು, ಕರೆಂಟ್ ಬಂದ ದಿನ ಮುದುಕಿಯೊಬ್ಬಳು ಗೋಡೆಯ ಕೊಳೆ ಕಂಡು ನಾಚಿದ್ದು, ಎಲ್ಲವನ್ನೂ ಸವಿದು ಮುಗಿಸಿ ಅವರು ತಲೆಯೆತ್ತಿದರು.

"ನೀನು ಓದಿದ ಅಧ್ಯಾಯದ ಹೆಸರು ನೋಡಿದ್ಯಾ? 'ಕೆಲಸಕ್ಕಾಗಿ ಹೊರಗಿಂದ ಬಂದವರು'. ಡಾಕ್ಟರು, ಪೊಲೀಸು, ಪಾದ್ರಿ, ಎಲ್ಲಾ ಅಲ್ಲಿದಾರೆ."

"ಅದಕ್ಕೇ ಅಲ್ವಾ ಕೇಳ್ತಿರೋದು? ನಾನೇನು ಅಲ್ಲೇ ಹುಟ್ಟಿದ್ನಾ?"

"ಅದರ ಹಿಂದಿನ ಅಧ್ಯಾಯ ಓದು. 'ಮನೆಗಳು' ಅಂತಿದೆ."

"ಮನೆ ಲಿಸ್ಟಲ್ಲಿ ಡಾಕ್ಟರನ್ನ ಯಾರ್ರೀ ಹುಡುಕ್ತಾರೆ?"

ಬ್ಯಾಲಿಡೆರೀನ್‌ನಲ್ಲಿ ಅರ್ಧ ಊರಿಗೆ ಒಂದೇ ಮನೆತನದ ಹೆಸರು, ಹಾಗಾಗಿ ಜನರನ್ನು ಗುರುತಿಸುವುದು ಮನೆಯಿಂದ. ಪುಸ್ತಕವೂ ಸೇತುವೆಯಿಂದ ಹೊರಟು ಒಂದೊಂದೇ ಬಾಗಿಲು ತಟ್ಟುತ್ತಾ ಹೋಗಿತ್ತು. ತಿರುಮಲ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಂಡು ನಿಧಾನವಾಗಿ ಓದಿದರು.

"ಹದಿಮೂರನೇ ಮನೆ. ಬಡಗಿ ಮಾರ್ಟಿನ್, ಹೆಂಡತಿ ಬ್ರೀಜ್. ಮಕ್ಕಳು ಆರು. ಇಬ್ಬರು ಬಾಸ್ಟನ್‌ಗೆ ಹೋದರು, ಒಬ್ಬಳು ಲೀಡ್ಸ್‌ಗೆ ಹೋದಳು."

"ಗೊತ್ತು, ಅವರು ನಮ್ಮ ಪಕ್ಕದ ಮನೆಯವರು. ಅದಕ್ಕೇನೀಗ?"

"ಹದಿನಾಲ್ಕನೇ ಮನೆ. ವೈದೇಹಿ, ಗಂಡ ತಿರುಮಲ, ಈ ಮನೆಯಲ್ಲೇ ಹುಟ್ಟಿದ ಮಗಳು ಮಹತಿ. ಸಾವಿನ ಮನೆಗಳಿಗೆ ಹಳದಿ ಅನ್ನ ಬರುತ್ತಿದ್ದದ್ದು ಇಲ್ಲಿಂದ. ಮೂವರೂ ಟೆಕ್ಸಾಸ್‌ಗೆ ಹೋದರು."

ವೈದೇಹಿ ಒಲೆ ಆರಿಸಿ ಬಂದು ಗಂಡನ ಪಕ್ಕದಲ್ಲಿ ಕುಳಿತರು. ಕನ್ನಡಕ ಏರಿಸಿಕೊಂಡು ಆ ಸಾಲುಗಳನ್ನು ತಾವೇ ಓದಿದರು. ಎಲ್ಲಿಂದ ಬಂದವರೆಂದು ಎಲ್ಲೂ ಬರೆದಿರಲಿಲ್ಲ. ಪಕ್ಕದ ಮನೆಯ ಮಕ್ಕಳದ್ದನ್ನು ಬರೆದಂತೆಯೇ, ಊರು ಬಿಟ್ಟು ಹೋದದ್ದನ್ನು ಮಾತ್ರ ಬರೆದಿದ್ದರು.