ಗುಲಾಬಿ ಗಿಡದ ಹಿಂದಿನ ಮೀಟರ್

ಬೆಡ್‌ಶೀಟ್ ಹಿಂಡುತ್ತಿದ್ದ ಅಮ್ಮನ ಕೈ ಅರ್ಧಕ್ಕೇ ನಿಂತಿತು. ಹಿತ್ತಿಲ ಬಾಗಿಲಲ್ಲಿ ಅವಳ ಅಪ್ಪ ನಿಂತಿದ್ದರು.

"ಮೇಡಂ, ನೀರಿನ ಮೀಟರ್ ನೋಡ್ಬೇಕಿತ್ತು. ನಾಯಿ ಇದ್ರೆ ಸ್ವಲ್ಪ ಕಟ್ಟಿಹಾಕಿ."

ಪಕ್ಕದಲ್ಲಿ ಕ್ಲಿಪ್ಪಿನ ಡಬ್ಬಿ ಹಿಡಿದಿದ್ದ ಮಗಳು ಗುಬ್ಬಿ ಕಿಸಕ್ಕನೆ ನಕ್ಕಳು. "ನಾಯಿ ಎಲ್ಲಿದೆ ತಾತಾ? ಇವ್ರು ಮೇಡಂ ಅಲ್ಲ, ಅಮ್ಮ!"

ಅಮ್ಮ ನಗಲಿಲ್ಲ. ಗುಬ್ಬಿ ಇನ್ನೇನೋ ಕೇಳಲು ಬಾಯಿ ತೆರೆದವಳು ಸುಮ್ಮನಾದಳು.

ಆಯುಷ್ಯವೆಲ್ಲ ಬೀದಿ ಬೀದಿ ನಡೆದು ಮೀಟರ್ ಓದಿದ ಜೀವ ಅದು. ಕೆಲಸ ಬಿಟ್ಟ ಮೇಲೂ ಬೆಳಗಾದರೆ ಅದೇ ಬೀದಿಗಳನ್ನು ಸುತ್ತಿ ಬರದಿದ್ದರೆ ತಾತನಿಗೆ ಕಾಫಿ ರುಚಿಸುತ್ತಿರಲಿಲ್ಲ. ಚಳಿಗಾಲದಲ್ಲಿ ಒಮ್ಮೆ ದಾರಿ ತಪ್ಪಿದಾಗ ಯಾರೋ ಕೈಹಿಡಿದು ಕರೆತಂದರು. ಅಮ್ಮನ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಗೇಟಿಗೆ ಬೀಗ. "ಜೊತೆಗೊಬ್ರು ಇದ್ದು ನಡೆಸ್ತಾ ಇರಿ. ಇಷ್ಟು ವರ್ಷ ನಡೆದ ಕಾಲು ನೆನಪನ್ನೂ ಕಾಯ್ತಿರುತ್ತೆ" ಎಂದು ಡಾಕ್ಟರು ಹೇಳಿದ್ದರು. ಜೊತೆಗೆ ಹೋಗುವವರು ಯಾರು? ಒಲೆ, ಬಟ್ಟೆ, ಸ್ಕೂಲು ಎನ್ನುವಷ್ಟರಲ್ಲಿ ಅಮ್ಮನಿಗೆ ಹೊತ್ತು ಮುಳುಗುತ್ತಿತ್ತು. ತಾತ ಕುರ್ಚಿ ಹಿಡಿದರು. ಮೊದಲು ಕನ್ನಡಕ ಎಲ್ಲಿಟ್ಟೆ ಎಂದರು, ಆಮೇಲೆ ನನ್ನ ಊಟ ಆಯಿತೇ ಎಂದರು. ಇವತ್ತು ಮಗಳೇ ಮೇಡಂ ಆದಳು.

ಅಮ್ಮ ಬೆಡ್‌ಶೀಟನ್ನು ಬಕೆಟ್ಟಿನಲ್ಲೇ ಬಿಟ್ಟು ಹೋಗಿ ಬೀಗ ತೆಗೆದಳು. "ಬನ್ನಿ ಅಪ್ಪಾ, ಮೀಟರ್ ನೋಡ್ಕೊಂಡು ಬರೋಣ."

ಮೊದಲ ತಿರುವಿನ ತನಕ ತಾತ ಅವಳ ತೋಳು ಬಿಡಲಿಲ್ಲ. ಮುಂದಿನ ಬೀದಿಯಲ್ಲಿ ಹೆಜ್ಜೆಗೆ ಹಳೆಯ ಬೀಸು ಬಂತು.

"ಇದು ದರ್ಜಿ ಮನೆ. ಮೀಟರ್ ಗುಲಾಬಿ ಗಿಡದ ಹಿಂದೆ. ಪ್ರತಿ ಸಲ ಮುಳ್ಳು ಚುಚ್ಚೋದು!"

ಗುಬ್ಬಿ ಕಾಂಪೌಂಡಿನಾಚೆ ಇಣುಕಿದಳು. ಇತ್ತು. ಪಕ್ಕದ ಮನೆ ಯಾರದೆಂದು ಮಾತ್ರ ತಾತನಿಗೆ ಹೊಳೆಯಲಿಲ್ಲ. ತಲೆ ಕೆರೆದುಕೊಂಡು, "ಇವ್ರು ಯಾವತ್ತೂ ಬಾಗಿಲೇ ತೆಗೀತಿರ್ಲಿಲ್ಲ, ಬಿಡು" ಎಂದು ಜಾರಿಕೊಂಡರು. ಅಮ್ಮನಿಗೂ ನಗು ತಡೆಯಲಾಗಲಿಲ್ಲ.

"ನಗು, ನಗು. ಒದ್ದೆ ಕೈಲೇ ಗಾಳಿಗೆ ಬಂದಿದ್ದೀಯ. ಚಿಕ್ಕೋಳಿದ್ದಾಗ್ಲಿಂದ ನಿಂದು ಇದೇ ಕಥೆ, ಪುಟ್ಟೀ."

ಅಮ್ಮ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

ಮನೆಗೆ ಬಂದ ಮೇಲೆ ತಾತ ಕುರ್ಚಿಗೆ ಹೋಗದೆ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿಯ ಧೂಳು ಕೊಡವತೊಡಗಿದರು. ಅಮ್ಮನ ಕೈ ತನ್ನ ಪಾಡಿಗೆ ಬೀಗವನ್ನು ಗೇಟಿಗೆ ಸಿಕ್ಕಿಸಿತು. ಒತ್ತುವುದೊಂದೇ ಬಾಕಿ. ಬೆಳಿಗ್ಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತನ್ನು ಗುಬ್ಬಿ ಆಗ ಆಡಿದಳು.

"ಅಮ್ಮಾ, ಇದನ್ನ ಹಾಕಿದ್ಮೇಲೇ ಅಲ್ವಾ ತಾತ ನಿನ್ನ ಮರ್ತಿದ್ದು?"