ಹೊರಮೈಗೆ ಅಂಟಿದ್ದು

ಸೀಸೆಯ ಮುಚ್ಚಳ ತೆರೆದೊಡನೆ ಬಣ್ಣದಂಗಡಿಯ ವಾಸನೆ ಗಂಟಲಿಗಿಳಿಯಿತು. ನಾಲ್ಕು ವರ್ಷದಿಂದ ರೂಢಿಯಾದ ವಾಸನೆಯೇ. ಆದರೂ ಇವತ್ತು ಸಂಶೋಧಕಿ ಮೂಗು ಮುಚ್ಚಿಕೊಂಡಳು.

ಸೀಸೆಯಲ್ಲಿದ್ದದ್ದು ಇಂಗಾಲದ ನಳಿಕೆಗಳು. ಕೂದಲೆಳೆಯನ್ನು ಸಾವಿರಾರು ಸೀಳು ಮಾಡಿದರೆ ಒಂದೊಂದು ಸೀಳು ಎಷ್ಟೋ, ಅಷ್ಟು ಸಪೂರ. ಕುಲುಮೆಯಲ್ಲಿ ಕಾಯಿಸಿ ತುದಿ ತೆರೆದು, ಚೆಂಡಿನಂಥ ಅಣುಗುಚ್ಛಗಳನ್ನು ಕರಗಿಸಿದ ನೇರಳೆ ದ್ರವದಲ್ಲಿ ನೆನೆಹಾಕಿದರೆ ಗುಚ್ಛಗಳು ತಾವಾಗಿಯೇ ಒಳಹೊಕ್ಕು ಬಟಾಣಿಕಾಯಿಯ ಕಾಳಿನಂತೆ ಸಾಲಾಗಿ ಕೂರುತ್ತವೆ. ಕೂತರೆ ಪುಣ್ಯ. ಬಹುಪಾಲು ಜಿಗಣೆಗಳ ಹಾಗೆ ಹೊರಮೈಗೇ ಅಂಟಿಬಿಡುತ್ತವೆ. ಅದಕ್ಕೇ, ಒಳಗೆಷ್ಟು ತುಂಬಿದೆಯೆಂದು ತೂಗುವ ಮೊದಲು ಚೊಕ್ಕ ದ್ರಾವಕದಲ್ಲಿ ಚೆನ್ನಾಗಿ ತೊಳೆಯಬೇಕು.

ಈ ನಳಿಕೆಗಳನ್ನು ತೊಳೆಯದೆ ತೂಗಿದವರು ಅವಳ ಮಾರ್ಗದರ್ಶಕರಾದ ಮೇಷ್ಟ್ರು. 'ಎಲ್ಲವೂ ಭರ್ತಿ' ಎಂದು ಲೇಖನದಲ್ಲಿ ಬರೆದವರೂ ಅವರೇ. ಲೇಖಕರ ಸಾಲಿನಲ್ಲಿ ಮೊದಲ ಹೆಸರು ಮಾತ್ರ ಅವಳದು. ಇಂದು ಅವಳೇ ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸಬೇಕು. ಕಳಿಸಿದರೆ ಪದವಿ, ಇಲ್ಲದಿದ್ದರೆ ಇನ್ನೊಂದು ವರ್ಷ.

ಮೇಷ್ಟ್ರು ಬಾಗಿಲಲ್ಲಿ ಇಣುಕಿದರು. "ಕಳಿಸಿದ್ಯೇನಮ್ಮಾ? ಊಟ ಮಾಡಿಲ್ಲ ಅಂತ ಮುಖಾನೇ ಹೇಳ್ತಿದೆ. ನನ್ನ ಕೋಣೇಲಿ ಕಿತ್ತಳೆ ಸುಲಿದಿಟ್ಟಿದೀನಿ, ನಾರೂ ತೆಗೆದು."

"ಸರ್, ಇದನ್ನ ತೊಳೆದೇ ಇಲ್ವಲ್ಲ."

"ಒಂದ್ಸಲ ಅದ್ದಿ ತೆಗೆದೆನಲ್ಲ!"

"ಅದು ಕಾಗೆ ಸ್ನಾನ ಸರ್."

ಮೇಷ್ಟ್ರು ನಕ್ಕರು. "ಯಾರು ಬಂದು ಸೀಸೆ ಮೂಸ್ತಾರೆ ಬಿಡು."

ಆ ನಗುವಿಗೆ ಅವಳ ಬಾಯಲ್ಲಿ ನೀರೂರಿತು, ವಾಂತಿಗೆ ಮುಂಚೆ ಊರುವ ಹಾಗೆ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದ್ದವರು ಇವರೇ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಅವರು ಅತ್ತ ಹೋದೊಡನೆ ಅವಳು ಸೀಸೆಯಲ್ಲಿದ್ದದ್ದನ್ನು ಸೋಸುವ ಆಲಿಕೆಗೆ ಸುರಿದು, ಮೇಲೆ ಚೊಕ್ಕ ದ್ರಾವಕ ಹೊಯ್ದಳು. ಪಕ್ಕದ ಮೇಜಿನ ಸಹಪಾಠಿ, ಎಲ್ಲರ ಬಾಯಲ್ಲೂ 'ಗಡ್ಡ', ಹೇಳಿಸಿಕೊಳ್ಳದೆ ಎದ್ದುಬಂದು ಅಲುಗುತ್ತಿದ್ದ ಆಲಿಕೆಯನ್ನು ಹಿಡಿದುಕೊಂಡ.

ಕೆಳಗೆ ನೇರಳೆ ನೀರು ಇಳಿಯಿತು.

"ಅಗ್ಗದ ಬಟ್ಟೆ ಬಣ್ಣ ಬಿಟ್ಟಂಗೆ ಬಿಡ್ತಿದೆಯಲ್ಲೇ!" ಎಂದ ಗಡ್ಡ.

ಅವಳು ಮತ್ತೆ ಹೊಯ್ದಳು. ಮತ್ತೆ ನೇರಳೆ. ಬಣ್ಣ ಪೂರ್ತಿ ನಿಂತ ಮೇಲೆ, ಉಳಿದ ಕರಿಮಸಿಯಂಥದ್ದನ್ನು ಒಣಗಿಸಿ ತೂಗಿದಳು. ಒಳಗೆ ಹೊಕ್ಕಿದ್ದು ಕಾಲು ಭಾಗವೂ ಇಲ್ಲ.

ಸಂಜೆ ಮತ್ತೆ ಬಂದ ಮೇಷ್ಟ್ರು ತಕ್ಕಡಿಯ ಅಂಕಿ ನೋಡಿ ಹಣೆ ಚಚ್ಚಿಕೊಂಡರು. "ಏನ್ ಮಾಡ್ದೆ ತಾಯಿ! ಕೈಗೆ ಬಂದ ಪದವೀನ ಚರಂಡಿಗೆ ಸುರಿದ್ಯಲ್ಲ!"

"ಚರಂಡಿಗಲ್ಲ ಸರ್, ತ್ಯಾಜ್ಯದ ಡಬ್ಬಕ್ಕೆ."

"ನಿನ್ನ ಒಳ್ಳೇದಕ್ಕೇ ಕಣಮ್ಮಾ ನಾನು ಮಾಡಿದ್ದು."

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಹೇಸಿಗೆಯಾಯಿತು. 'ಎಲ್ಲವೂ ಭರ್ತಿ' ಎಂಬುದನ್ನು ಅಳಿಸಿ ಹೊಸ ಅಂಕಿ ಹಾಕಿ, ಪರದೆಯನ್ನು ಅವರತ್ತ ತಿರುಗಿಸಿದಳು.

"ಈಗ ಕಳಿಸ್ಲಾ ಸರ್?"

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟಕ್ಕೆ ಯಾರು ಅಚ್ಚು ಹಾಕ್ತಾರೆ?"

"ಹಾಗಾದ್ರೆ ಬೇಡ."

ಅವರು ಹೋದ ಮೇಲೆ ಗಡ್ಡ ಮೆಲ್ಲಗೆ ಕೇಳಿದ, "ಇನ್ನೊಂದು ವರ್ಷಾನೇನೆ?"

"ಹೂಂ. ನಳಿಕೆ ತುದಿಗಳೇ ಸರಿಯಾಗಿ ತೆರೆದಿಲ್ಲ ಅನ್ಸತ್ತೆ ಕಣೋ. ಆ ಕುಲುಮೆ ಹಚ್ಚು."