ಮೇಲಿಟ್ಟ ಕೂಗು

ಭಾದ್ರಪದದ ಮಳೆ ಬಿಟ್ಟು ಬಿಟ್ಟು ಬರುತ್ತಿದ್ದ ದಿನಗಳು. ಹೊತ್ತು ಮುಳುಗಿ ಕುರಿಗಳು ಒಳಗೆ ಬರುವ ವೇಳೆಗೆ ಮಲಕಮ್ಮನ ಫೋನು ಜಾಗ ತುಂಬಿದೆ ಎಂದಿತು. ಸುರುವಾದದ್ದು ಆ ಸಂಜೆ.

ಮಲಕಮ್ಮ ನನ್ನ ಅಣ್ಣನ ಸೊಸೆ. ಭೂಕಂಪವಾದ ಮೇಲೆ ಸರ್ಕಾರ ಸಾಲಾಗಿ ಕಟ್ಟಿಕೊಟ್ಟ ಮನೆಗಳಲ್ಲಿ ಅವಳಿಗೂ ನನಗೂ ನಡುವೆ ಒಂದೇ ಗೋಡೆ. ಅವಳ ಗಂಡ ಉಮಾಕಾಂತ ಎರಡು ವರ್ಷದ ಹಿಂದೆ ಜ್ವರ ಬಂದು ಉದಗೀರದ ದವಾಖಾನೆಯಲ್ಲಿ ತೀರಿಕೊಂಡ. ಹಿಂದೆ ಉಳಿದದ್ದು ಮಗಳು ಸೋನಾಲಿ ಮತ್ತು ಒಂದು ಹಿಂಡು ಕುರಿ.

ನಮ್ಮಲ್ಲಿ ಕುರಿ ಕಾಯುವ ಪ್ರತಿಯೊಬ್ಬನಿಗೂ ಅವನದೇ ಒಂದು ಕೂಗು ಇರುತ್ತದೆ. ಅಪ್ಪನ ಕೂಗನ್ನು ಮಗ ಕೂಗುವುದಿಲ್ಲ, ತನ್ನದನ್ನು ತಾನೇ ಹುಟ್ಟಿಸಿಕೊಳ್ಳಬೇಕು. ಹೆಂಗಸರು ಮರಿ ನೋಡಿಕೊಳ್ಳುತ್ತಾರೆ, ಕುರಿ ಕೂಡುವ ಮುಳ್ಳಿನ ದಡ್ಡಿ ಗುಡಿಸುತ್ತಾರೆ, ರೋಗ ಬಂದ ಕುರಿಗೆ ಔಷಧ ಹಾಕುತ್ತಾರೆ. ಹಿಂಡನ್ನು ಮಾತ್ರ ಕೂಗುವುದಿಲ್ಲ. ಉಮಾಕಾಂತನ ಕೂಗು ಗಂಟಲಲ್ಲಿ ಉರುಳಿ, ಕೊನೆಗೆ ಮೇಲೆ ಎದ್ದು ನಿಲ್ಲುತ್ತಿತ್ತು. ಹಳ್ಳದ ಆಚೆಯಿಂದ ಕರೆದರೂ ಹಿಂಡು ಬಾಯಿಯ ಮೇವು ಬಿಟ್ಟು ಬರುತ್ತಿತ್ತು.

ಅವನು ಸತ್ತ ಮೇಲೆ ಅವನ ತಮ್ಮ ನಿಲೇಶ ಹಿಂಡು ಹೊಡೆದುಕೊಂಡು ಹೋದ. ಕುರಿಗಳು ದಿಕ್ಕಿಗೊಂದಾಗಿ ಸೋಯಾಬೀನು ಹೊಲ ಹೊಕ್ಕವು. ಅವು ಹೊಲ ಹೊಕ್ಕ ದಿನದ ಸಂಜೆ ಮಲಕಮ್ಮ ದಡ್ಡಿಯ ಹತ್ತಿರ ಕೂತು, ಗಂಡನ ಮುಖ ನೋಡಬೇಕೆನಿಸಿ ಫೋನಿನಲ್ಲಿ ಒಂದು ವಿಡಿಯೋ ಹಚ್ಚಿದಳು. ಹಳ್ಳದ ದಂಡೆಯಲ್ಲಿ ಅವನು ಕುರಿ ಕರೆಯುವುದನ್ನು ಸೋನಾಲಿ ಹಿಂದೊಮ್ಮೆ ತೆಗೆದದ್ದು. ಅದರೊಳಗಿಂದ ಅವನು ಕೂಗಿದ. ಮಲಗಿದ್ದ ಕುರಿಗಳೆಲ್ಲ ಒಮ್ಮೆಲೇ ಎದ್ದು ನಿಂತವು.

ಮರುದಿನದಿಂದ ಮಲಕಮ್ಮ ಕೊರಳಿಗೆ ಸಣ್ಣ ಸ್ಪೀಕರ್ ಹಾಕಿಕೊಂಡು ತಾನೇ ಹಿಂಡಿನ ಹಿಂದೆ ಹೋದಳು. ಹೊತ್ತಿಗೆ ಒಮ್ಮೆ ಬಟನ್ ಒತ್ತುವಳು, ಹಿಂಡು ತಿರುಗುವುದು.

"ಏನ ಮಲಕವ್ವಾ, ಇವತ್ತ ಗಂಡಗ ಚಾರ್ಜ್ ಮಾಡಿದಿ?" ಎಂದು ನೀರಿನ ಟಾಕಿಯ ಹತ್ತಿರ ಚಂಪಾಬಾಯಿ ಕಾಡಿಸಿದಳು.

"ಮಾಡೀನವ್ವಾ. ನಿಮ್ಮಂವಗ ರಾತ್ರಿಯೆಲ್ಲಾ ಹಚ್ಚಿದ್ರೂ ಮುಂಜಾನೆ ಏಳಂಗಿಲ್ಲಲ್ಲ!"

ನೆರೆದವರೆಲ್ಲ ನಕ್ಕರು. ಉಮಾಕಾಂತ ಹೋದ ಮೇಲೆ ಅವಳು ಹಲ್ಲು ಬಿಟ್ಟದ್ದನ್ನು ನಾನು ಆವತ್ತೇ ಕಂಡದ್ದು.

ಫೋನು ಸಣ್ಣದು, ಪದೇ ಪದೇ ನಿಂತುಬಿಡುತ್ತಿತ್ತು. ಔರಾದ ಶಹಾಜನಿಯಲ್ಲಿ ಓಂಪ್ರಕಾಶನ ಅಂಗಡಿ ಇದೆ. ಅಪ್ಪ ಬಟ್ಟೆ ಮಾರುತ್ತಾನೆ, ಅದೇ ಕಟ್ಟೆಯ ಮೇಲೆ ಇವನು ಮೊಬೈಲು ಮಾರುತ್ತಾನೆ. ಅವನು ಫೋನಿನ ಫೋಟೋ, ವಿಡಿಯೋಗಳನ್ನೆಲ್ಲ ಉಮಾಕಾಂತನ ಹೆಸರಿನ ಆನ್‌ಲೈನ್ ಖಾತೆಗೆ ಏರಿಸಿ ಫೋನು ಹಗುರ ಮಾಡಿಕೊಟ್ಟ.

"ಎಲ್ಲಾ ಮ್ಯಾಲ ಇಟ್ಟೀನ್ರೀ ಬಾಯಿ. ಫೋನ್ ನೀರಾಗ ಬಿದ್ರೂ ಚಿಂತಿಲ್ಲ. ರೇಂಜ್ ಇದ್ದಲ್ಲಿ ಒತ್ರಿ, ಬರ್ತದ."

ಮುಂದೆ ನಿಲೇಶ ಮುರುಮ ಊರಿನ ಕಡೆ ಕಬ್ಬಿನ ಟ್ರ್ಯಾಕ್ಟರ್ ನಡೆಸಲು ಹೋಗುವಾಗ ಅಲ್ಲೇ ಹೊಸ ಫೋನು ಕೊಂಡ. ಓಂಪ್ರಕಾಶ ಅದರಲ್ಲೂ ಅದೇ ಖಾತೆ ಹಾಕಿದ. "ಒಂದ ಮನಿ, ಒಂದ ಖಾತಿ. ಎರಡೆರಡ ಪಾಸ್‌ವರ್ಡ್ ಯಾರು ನೆನಪ ಇಡ್ತಾರ?" ಎಂದ. ಮಾತು ಎಲ್ಲರಿಗೂ ಹಿಡಿಸಿತು. ಸೋನಾಲಿಯ ಕಾಲೇಜಿನ ಮೇಲ್‌ಗಳೂ ಅದೇ ಖಾತೆಗೆ ಬರುತ್ತಿದ್ದವು. ನಿಲೇಶ ಟ್ರ್ಯಾಕ್ಟರಿನ ಹಾಡು, ಗೆಳೆಯರ ಹುಟ್ಟುಹಬ್ಬ, ಮುರಿದ ಗಾಲಿ, ಕಂಡದ್ದನ್ನೆಲ್ಲ ತೆಗೆಯುವವನು. ಪುಕಟ ಕೊಡುವ ಜಾಗ ಎಷ್ಟೆಂದು ಹಿಡಿದೀತು? ಭಾದ್ರಪದದ ಆ ಸಂಜೆ ಅದು ತುಂಬಿತು.

ಉದಗೀರದಲ್ಲಿ ಓದುತ್ತಿದ್ದ ಸೋನಾಲಿ ಫೋನು ಮಾಡಿ ಅತ್ತಳು. "ಅವ್ವಾ, ಜಾಗಾ ಮಾಡ್ರಿ. ನರ್ಸಿಂಗಿನ ಅಡ್ಮಿಶನ್ ಮೇಲ್ ಬರವಲ್ದು, ವಾಪಸ್ ಹೊಂಟದಂತ."

ಹೆಚ್ಚಿನ ಜಾಗ ಕೊಳ್ಳೋಣವೆಂದರೆ ಬ್ಯಾಂಕಿನ ಖಾತೆಯೂ ಸತ್ತವನ ಹೆಸರಿನಲ್ಲಿ, ಮುಚ್ಚಿಹೋಗಿತ್ತು. ದಸರೆಗೆ ನಿಲೇಶ ಬರಲಿ ಎಂದು ಮಲಕಮ್ಮ ಕಾದಳು.

ಅವನು ಬಂದು ನನ್ನ ಕಟ್ಟೆಯ ಮೇಲೆ ಕೂತ. ಫೋನು ತೆರೆದ. ಮಲಕಮ್ಮ ಬಗ್ಗಿ ನೋಡಿ ಹುಬ್ಬು ಏರಿಸಿದಳು.

"ಇವು ನಮ್ಮ ಕುರಿ. ಇಂವಾ ಸೋನಾಲಿ ಅಪ್ಪ. ನಿನ್ನ ಫೋನಿನ್ಯಾಗ ಹ್ಯಾಂಗ ಬಂದ್ರು?"

"ತಾವಾಗೇ ಬಂದಾವ ವೈನಿ. ನನಗೇನ ಗೊತ್ತು?"

"ಅದಕ್ಕ ಜಾಗಾ ತುಂಬ್ಯದ ನೋಡು. ನಮ್ಮ ಕುರಿ ನಿನ್ನ ದಡ್ಡಿಯಾಗ ಹೊಕ್ಕಾವ."

ನಮ್ಮಲ್ಲಿ ಅದೊಂದು ಮರ್ಯಾದೆ. ಅಣ್ಣ ತಮ್ಮಂದಿರ ಹಿಂಡು ಕಲೆತು ದಡ್ಡಿ ಇಕ್ಕಟ್ಟಾದರೆ, ಯಾರದು ಹೊಕ್ಕಿದೆಯೋ ಅವರೇ ಮುಂದೆ ಬಂದು, ಕಿವಿಯ ಗುರುತು ನೋಡಿ, ತಮ್ಮವನ್ನು ಹೊರಗೆ ತೆಗೆಯಬೇಕು. ದಡ್ಡಿಯವನು ಕೇಳುವ ತನಕ ಕಾಯಬಾರದು.

"ಇರ್ಲಿ ಬಿಡ್ರಿ ವೈನಿ. ನಾ ನನ್ನವೇ ಅಳಸ್ತೀನಿ."

"ಛೀ, ಯಾಕ? ನಿನ್ನ ಮನ್ಯಾಗಿಂದ ನಿನ್ನವ್ಯಾಕ ತೆಗೀತಿ? ನಮ್ಮವು ನನ್ನ ಫೋನಿನ್ಯಾಗ ಅದಾವಲ್ಲ. ಇಲ್ಲಿಂದ ಹೊರಗ ಹಾಕು." ಅವಳು ತನ್ನ ಫೋನು ತೆಗೆದು ತೋರಿಸಿದಳು. ಅದರಲ್ಲೂ ಉಮಾಕಾಂತ ಇದ್ದ. ನಿಲೇಶ ತಲೆ ಆಡಿಸಿದ. ನಾನೂ ನೋಡಿದೆ, ಎರಡೂ ಕಡೆ ಇದ್ದ.

ಅವಳು ಬೆರಳು ಇಟ್ಟು ಆರಿಸಿದಳು. ಇದು ನಮ್ಮದು, ಇದು ನಿಂದು, ಇದು ನಮ್ಮದು. ಅವನು ಅಳಿಸುತ್ತ ಹೋದ. ಕಡೆಗೆ, "ಕಸದ ಡಬ್ಬಿನೂ ಜಾಗಾ ತಿಂತದಂತ," ಎಂದು ಅದನ್ನೂ ಖಾಲಿ ಮಾಡಿದ. ಸಂಜೆಗೆ ಸೋನಾಲಿಯ ಫೋನು ಬಂತು. "ಬಂತವ್ವಾ, ಮೇಲ್ ಬಂತು! ಸೀಟ್ ಸಿಕ್ತು!" ಮಲಕಮ್ಮ ನನಗೂ ಒಂದು ಹೋಳಿಗೆ ಕೊಟ್ಟು ಹೋದಳು.

ಮರುದಿನ ಹಿಂಡು ಹಳ್ಳ ದಾಟಿತ್ತು. ಅವಳು ದಿಬ್ಬ ಏರಿ ಫೋನು ತೆರೆದಳು. ಒತ್ತಲು ಅಲ್ಲಿ ಏನೂ ಇರಲಿಲ್ಲ. ಹಳ್ಳದ ಫೋಟೋ ಇಲ್ಲ, ಕುರಿ ಇಲ್ಲ, ಗಂಡ ಇಲ್ಲ. ನಿಲೇಶನ ಟ್ರ್ಯಾಕ್ಟರುಗಳು ಮಾತ್ರ ಇದ್ದವು.

ಅವಳು ಹಿಂಡನ್ನು ಬಿಟ್ಟು ಔರಾದಕ್ಕೆ ಓಡಿದಳು. ನಿಲೇಶ ಹಿಂದೆ ಓಡಿದ. ಅಲ್ಲಿ ಆದದ್ದನ್ನು ಅವನೇ ಬಂದು ಹೇಳಿದ. ಓಂಪ್ರಕಾಶ ಫೋನು ಹಿಂದೆ ಮುಂದೆ ತಿರುಗಿಸಿ ನೋಡಿ ಕೆಳಗೆ ಇಟ್ಟನಂತೆ.

"ಫೋನ್ ಎರಡ, ಖಾತಿ ಒಂದ್ರೀ ಬಾಯಿ. ಒಂದ ದಡ್ಡಿಗಿ ಎರಡ ಬಾಗಲಾ ಇದ್ದಂಗ. ಯಾವ ಬಾಗಲದಿಂದ ಹೊರಗ ಹಾಕಿದ್ರೂ ಹೊರಗೇ."

"ಡಬ್ಬಿಯಾಗ ನೋಡ್ರೀ ಸಾವ್ಕಾರ," ಎಂದಳಂತೆ ಮಲಕಮ್ಮ.

"ಡಬ್ಬಿನೂ ಖಾಲಿ ಮಾಡ್ಯಾರಲ್ಲ."

ಓಂಪ್ರಕಾಶ ಕಂಪನಿಗೆ ಬರೆದು ಕೇಳಿದ. ಯಂತ್ರದ ಉತ್ತರ ಬಂತು. ಮತ್ತೆ ಬರೆದ, ಅದೇ ಉತ್ತರ. ಸೋನಾಲಿ ಗೆಳತಿಯರನ್ನೆಲ್ಲ ಕೇಳಿದಳು. ಆ ವಿಡಿಯೋವನ್ನು ಅವಳು ಸ್ಟೇಟಸ್‌ಗೆ ಹಾಕಿದ್ದುಂಟು, ಅದು ಒಂದು ದಿನಕ್ಕೆ ಅಳಿದಿತ್ತು. ಯಾರೂ ಉಳಿಸಿಕೊಂಡಿರಲಿಲ್ಲ. ಅಪ್ಪ ಕುರಿ ಕೂಗುವುದನ್ನು ಯಾರು ಯಾಕೆ ಉಳಿಸಿಕೊಳ್ಳುತ್ತಾರೆ?

ನಿಲೇಶ ಅಣ್ಣನಂತೆ ಕೂಗಿ ನೋಡಿದ. ಕುರಿಗಳ ಕಿವಿಗಳು ಒಮ್ಮೆ ತಿರುಗಿದವು. ಅವನಲ್ಲವೆಂದು ತಿಳಿದು ಮತ್ತೆ ಮೇಯತೊಡಗಿದವು. ಅವನ ರಜೆ ಮುಗಿಯಿತು, ಮುರುಮಕ್ಕೆ ಹೊರಟ. ನನ್ನ ಕಾಲು ಭೂಕಂಪದಲ್ಲಿ ತೊಲೆಯ ಅಡಿ ಸಿಕ್ಕದ್ದು, ಹಿಂಡಿನ ಹಿಂದೆ ನಡೆಯುವಂಥದ್ದಲ್ಲ.

ಆಮೇಲೆ ಮಲಕಮ್ಮ ಬಾಯಿ ತೆರೆದಳು. ಹಳ್ಳದ ದಂಡೆಗೆ ನಿಂತು, ಮೊದಲ ಸಲ, ತಾನೇ ಕೂಗಿದಳು. ಮಗುವನ್ನು ಊಟಕ್ಕೆ ಕರೆದಂತಿತ್ತು. ಕಟ್ಟೆಯ ಮೇಲೆ ಕೂತಿದ್ದ ನನಗೆ ಕೇಳಿಸಿತು. ಭೂಕಂಪದ ಆ ಬೆಳಗ್ಗೆ ನಮ್ಮ ಅಣ್ಣ ಬಿದ್ದ ಮನೆಗಳ ನಡುವೆ ಹೆಸರು ಹಿಡಿದು ಕೂಗಿದಾಗ ಯಾರೂ ಓ ಎನ್ನಲಿಲ್ಲ. ಆಮೇಲೆ ಹಿಂಡಿನ ಕೂಗು ಕೂಗಿದ, ಕಲ್ಲು ಮಣ್ಣು ತುಳಿದು ಕುರಿಗಳು ಬಂದವು. ಮಲಕಮ್ಮನಿಗೆ ಕುರಿಗಳೂ ಬರಲಿಲ್ಲ. ಎರಡು ವರ್ಷ ಅವುಗಳ ಹಿಂದೆ ನಡೆದಿದ್ದಳು, ಅವಳ ದನಿ ಒಂದಕ್ಕೂ ಗೊತ್ತಿರಲಿಲ್ಲ.

"ಕಲೀತಾವೇನ್ರೀ ಮಾವಾ?" ಎಂದು ಸಂಜೆ ಬಂದು ಕೇಳಿದಳು. ಗಂಟಲು ಒಡೆದಿತ್ತು.

"ಕಲೀತಾವವ್ವಾ. ಒಂದ ಮಳಿಗಾಲ ಬೇಕು."

ಮಳೆಗಾಲ ಮುಗಿದಿತ್ತು. ಸೋಯಾಬೀನು ಒಣಗಿ ಹೊಲದಲ್ಲೇ ನಿಂತಿತ್ತು. ಹಿಂಡು ಒಬ್ಬರ ಹೊಲ ಹೊಕ್ಕಿತು, ಕೈಕಾಲು ಹಿಡಿದು ಬಿಡಿಸಿಕೊಂಡು ಬಂದಳು. ಇನ್ನೊಬ್ಬರ ಹೊಲ ಹೊಕ್ಕಾಗ ಅವರು ಬೀಡಾಡಿ ದನ ಕೂಡುವ ಕೊಂಡವಾಡಕ್ಕೆ ಹಿಂಡನ್ನು ಹೊಡೆದರು. ಅದರ ಗೇಟಿನ ಹೊರಗೆ ನಿಂತೂ ಕೂಗಿದಳಂತೆ. ಒಳಗಿನವು ಗೋಡೆ ನೋಡುತ್ತ ನಿಂತಿದ್ದವಂತೆ.

"ಸಾಕ್ರೀ ಮಾವಾ," ಎಂದಳು ಬಂದು. "ಅಂವಾ ಒಮ್ಮಿ ಉದಗೀರದಾಗ ಸತ್ತ. ಇನ್ನೊಮ್ಮಿ ನಾನೇ ಬೆರಳ ಇಟ್ಟ ತೋರಿಸಿ ಅಳಿಸಿದೆ."

ಹಾಗನ್ನಬೇಡ ಎಂದೆ. ಅವಳು ಗೋಡೆಗೆ ಒರಗಿ ಕೂತಳು, ನಾನೂ ಕೂತೆ. ದಡ್ಡಿಯಲ್ಲಿ ಮರಿಗಳು ಒದರುತ್ತಿದ್ದವು.

ದಂಡ ಕಟ್ಟಿ ಬಿಡಿಸಿ ತಂದ ಹಿಂಡನ್ನು ಕೊಳ್ಳಲು ದೇವಣಿಯ ಕಡೆಯ ವ್ಯಾಪಾರಿ ಟೆಂಪೋ ತಂದ. ಕರೆದರೆ ಯಾವುದೂ ಹತ್ತಲಿಲ್ಲ, ಒಂದೊಂದನ್ನೇ ಎತ್ತಿ ಹಾಕಿದರು. ಈಗ ಖಾತೆಯಲ್ಲಿ ಜಾಗ ಬೇಕಾದಷ್ಟಿದೆ ಎಂದು ಸೋನಾಲಿ ಹೇಳುತ್ತಾಳೆ, ಮೇಲ್‌ಗಳು ತಡವಿಲ್ಲದೆ ಬರುತ್ತವೆ. ಸ್ಪೀಕರ್ ದಡ್ಡಿಯ ಗೂಟಕ್ಕೆ ಇನ್ನೂ ತೂಗುತ್ತಿದೆ.

ಕುರಿಗಳು ಹೋದದ್ದು ಗುರುವಾರ. ದೀಪಾವಳಿ ಕಳೆದು, ಕಬ್ಬು ಕಡಿಯುವವರ ಟೋಳಿಯ ಜೊತೆ ಟ್ರಕ್ ಹತ್ತಿ ಮಲಕಮ್ಮ ಹೋದದ್ದು ಸೋಮವಾರ.